ಟನ್ನಿಗೆ ಇನ್ನೂರೈವತ್ತು ಗ್ರಾಂ

ಶಾರ್ಜಾದ ಖಾಲಿದ್ ಬಂದರಿನ ಹಿಂದೆ
ಹಿಟ್ಟಿನ ಗಿರಣಿಯ ಮೂರನೇ ಮಹಡಿಯಲ್ಲಿ
ನನ್ನದೊಂದು ಡಬ್ಬಿ, ಅದಕ್ಕೊಂದು ತಿರುಪು.
ಡಬ್ಬಿಯೊಳಗೆ ಕಬ್ಬಿಣದ ಪುಡಿ, ಫೋಲಿಕ್, ಸತು,
ಎಲ್ಲ ಕೂಡಿ ಬೂದುಬೆಕ್ಕಿನ ಬಣ್ಣ.
ಕೆಳಗೆ ಹಿಟ್ಟು ಕಾಲುವೆಯಾಗಿ ಹರಿಯುತ್ತದೆ,
ಮೇಲಿಂದ ಇದು ಉದುರುತ್ತದೆ,
ದರ್ಗಾದಲ್ಲಿ ಊದು ಹಣೆಗೆ ಹಚ್ಚುತ್ತಾರಲ್ಲ, ಅಷ್ಟು.
ಟನ್ನಿಗೆ ಇನ್ನೂರೈವತ್ತು ಗ್ರಾಂ.
ಯಾರ ನಾಲಿಗೆಗೂ ತಿಳಿಯಬಾರದು. ಅದೇ ಕೆಲಸ.

ಗಂಟೆಗೊಮ್ಮೆ ಲ್ಯಾಬಿನ ಮರಿಸೆಲ್ ಬಂದು
ಹಿಡಿ ಹಿಟ್ಟು ನೀರಿಗೆ ಕದಡಿ ಅಯಸ್ಕಾಂತ ಆಡಿಸುತ್ತಾಳೆ.
ತುದಿಗೆ ಕಪ್ಪು ರೋಮ ಮೂಡುತ್ತದೆ,
ಮೀಸೆ ಚಿಗುರುವ ಹುಡುಗನ ತುಟಿಯಂತೆ.
"ಓಕೆ, ಕುಯಾ" ಅನ್ನುತ್ತಾಳೆ. ಅವರಲ್ಲಿ ಕುಯಾ ಅಂದರೆ ಅಣ್ಣ.
ಆ ರೋಮ ಕಂಡಾಗೆಲ್ಲ ನನಗೆ
ಸಿರುಗುಪ್ಪೆಯ ಹಾದಿಯ ಮರಳು.

ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ಮರಳಲ್ಲಿ ಎಳೆದಾಡುತ್ತಿದ್ದೆ,
ಅಂಟಿದ ಪುಡಿ ಕೊಡವಿ ಬೆಂಕಿಪೊಟ್ಟಣಕ್ಕೆ.
ಪಕ್ಕದಲ್ಲಿ ಅಕ್ಕ ಬಳಪ ತಿನ್ನುತ್ತಿದ್ದಳು.
ಕಟುಂ. ಕಟುಂ.
ಬಳಪ ಮುಗಿದರೆ ಗೋಡೆಯ ಸುಣ್ಣ,
ಸುಣ್ಣ ಮುಗಿದರೆ ಹೊಲದ ಹೆಂಟೆ.
ಅವ್ವ ಮೆಣಸಿನಕಾಯಿ ಹೊಗೆ ಹಾಕಿದಳು,
ಮುಲ್ಲಾ ತಾಯತ ಕಟ್ಟಿದ.
ಚಟ ಅಂದರು. ಜಂತುಹುಳ ಅಂದರು.
ಹೆಸರು ಲಾಲ್‌ಬಿ. ಕಣ್ಣರೆಪ್ಪೆ ಕೆಳಗೆಳೆದರೆ
ಒಳಗೆ ಬೆಳ್ಳಗೆ, ತೊಳೆದ ಅಕ್ಕಿಯ ಹಾಗೆ.

ಹಸಿದವಳಲ್ಲ ಅವಳು.
ಸಿರುಗುಪ್ಪೆಯಲ್ಲಿ ಅನ್ನಕ್ಕೇನು ಬರ?
ಅನ್ನ, ನೀರುಸಾರು, ಮತ್ತೆ ಅನ್ನ.
ಹೊಟ್ಟೆಯ ಹಸಿವಾದರೆ ಕೂಗುತ್ತದೆ,
ಇದು ಕೂಗಲಿಲ್ಲ,
ಬಳಪದ ಆ ಸದ್ದೊಂದು ಬಿಟ್ಟರೆ.
ಗಜ ದೂರದಲ್ಲಿ ನನ್ನ ಬೆಂಕಿಪೊಟ್ಟಣ ತುಂಬಿತ್ತು.

ನಿನ್ನೆ ಬರ್ಬೆರಾಕ್ಕೆ ಹೊರಡುವ ಮರದ ಹಡಗು.
ನಾಖುದ ಅಬ್ದಿರಶೀದ್, ಚಹಾದ ಲೋಟ ಹಿಡಿದು
ಅರಬಿ-ಹಿಂದಿ ಕಲಸಿ ಮಾತಾಡುತ್ತಾನೆ.
ಹೆಂಡತಿಗೆ ಏಳು ತಿಂಗಳು. ನಾಚುತ್ತ ಹೇಳಿದ,
ರಾತ್ರಿ ಎದ್ದು ಒಲೆಯ ಇದ್ದಿಲು ತಿನ್ನುತ್ತಾಳಂತೆ.
"ಹಲ್ಲೆಲ್ಲ ಕಪ್ಪು. ಹುಚ್ಚು ಹಿಡಿಯಿತೋ ಏನೋ."
ಕಟುಂ ಅಂತ ಸದ್ದು ಬರುತ್ತದಾ, ಕೇಳಿದೆ.
ಅವನು ಲೋಟ ಕೆಳಗಿಟ್ಟ.

ಹುಚ್ಚಲ್ಲ ಭಾಯಿ, ರಕ್ತ ಕಮ್ಮಿ. ಆಸ್ಪತ್ರೆಗೆ ಒಯ್ಯಿ.
ಊಟದ ಮೇಲೆ ಚಹಾ ಬೇಡ, ಬೇಳೆಗೆ ನಿಂಬೆ ಹಿಂಡು.
ಇನ್ನೂ ಏನೇನೋ ಹೇಳಿದೆ, ದೊಡ್ಡ ಡಾಕ್ಟರನ ಹಾಗೆ,
ಅವನ ಹಡಗಿಗೆ ಏರುತ್ತಿದ್ದ ಚೀಲಗಳ ಕಡೆ ನೋಡದೆ.

ಆ ಚೀಲಗಳು ನನಗೆ ಗೊತ್ತು.
ಹೋದ ವಾರ ಸೂಪರ್‌ವೈಸರ್ ಚೀಟಿ ತಂದಿದ್ದ:
ಆರ್ಡರ್ ಹದಿನೇಳು, ಸಾದಾ. ಡಬ್ಬಿ ಬಂದ್.
ಕೊಳ್ಳುವವನು ಕೇಳಿಲ್ಲವಂತೆ.
ಟನ್ನಿಗೆ ಉಳಿಯುವುದೆಷ್ಟು?
ಕೆಫೆಟೇರಿಯಾದ ಎರಡು ಪರಾಟದ ದುಡ್ಡು.
ತಿರುಪು ಮುಚ್ಚಿದೆ. ನಾನೇ.
ನಲವತ್ತು ಟನ್ನು ಬೆಳ್ಳಗೆ ಇಳಿದು ಹೋಯಿತು.
ಆ ದಿನ ಮರಿಸೆಲ್ ಮೇಲೆ ಬರಲಿಲ್ಲ,
ನೋಡಲು ಏನಿತ್ತು?

ರಾತ್ರಿ ಕ್ಯಾಂಪಿನ ಮೆಟ್ಟಿಲಲ್ಲಿ ಕೂತು ಫೋನ್ ಹಚ್ಚಿದೆ.
ಎತ್ತಿದವಳು ಅಕ್ಕನ ಮಗಳು ಮುಬೀನಾ, ಎಂಟನೇ ಕ್ಲಾಸು.
ಸಾಲ್ಯಾಗ ವಾರಕ್ಕೊಮ್ಮೆ ನೀಲಿ ಗುಳಿಗಿ ಕೊಡ್ತಾರಲ್ಲ, ನುಂಗ್ತೀಯಾ?
"ಕಂಪೌಂಡ್ ಹಿಂದ ಉಗುಳ್ತೀವಿ ಮಾಮಾ, ಎಲ್ಲಾರೂ.
ಹೊಟ್ಟಿ ತೊಳಸ್ತದ. ಸಂಡಾಸ ಕರ್ರಗ ಆಗ್ತದ."
ಹಿಂದೆಲ್ಲೋ ಕೊಡ ಇಳಿಸಿದ ಸದ್ದು,
ಲಾಲ್‌ಬಿ ಏದುವ ಸದ್ದು.
ಬೈಯಬೇಕೆಂದು ಬಾಯಿ ತೆರೆದೆ.
ಅವಳು ಉಗುಳಿದ್ದು ಒಂದು ಗುಳಿಗೆ,
ನಾನು ನಲವತ್ತು ಟನ್ನು.
ಊಟ ಆದ ಮ್ಯಾಲ ನುಂಗು ಬೇಟಾ, ತೊಳಸಂಗಿಲ್ಲ,
ಅಂದೆ, ಇಷ್ಟೇ.

ಬೆಳಿಗ್ಗೆ ಹಡಗು ಇರಲಿಲ್ಲ, ನೀರ ಮೇಲೆ ಎಣ್ಣೆ.
ಆರಕ್ಕೆ ಆರ್ಡರ್ ಹದಿನೆಂಟು.
ಚೀಟಿಯಲ್ಲಿ ಹಾಕು ಅಂತಿಲ್ಲ,
ಸಾದಾ ಅಂತಲೂ ಇಲ್ಲ, ಯಾರೋ ಬರೆಯಲು ಮರೆತಿದ್ದಾರೆ.
ತಿರುಪಿನ ಮೇಲೆ ಕೈ ಇಟ್ಟು ನಿಂತೆ.
ಕೆಳಗಿಂದ ಮರಿಸೆಲ್ ಕೂಗಿದಳು,
ಕುಯಾ, ಇವತ್ತು ಅಯಸ್ಕಾಂತ ತರಲಾ?

ತಾ, ಅಂದೆ.